ಬ್ರೇಕಿಲ್ಲದ ಆನೆ

ಆನೆಯನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಮೊಲಕ್ಕೆ, ಹುಲಿಗೆ, ಮಂಗನಿಗೆ, ಕಡೆಗೆ ಹಂದಿಗೂ ಜಗಳ ಬೀಳುತ್ತಿತ್ತು. ಆನೆ ಮಾತ್ರ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ, ತನಗಿಂತ ಚಿಕ್ಕದಾದ ಗಾಡಿಯ ಮೇಲೆ, ಕಿವಿ ಅಲ್ಲಾಡಿಸುತ್ತ ಕೂತಿರುತ್ತಿತ್ತು. ನಾನು ಅದನ್ನೇ ಆರಿಸಿಕೊಂಡೆ. ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಮೊದಲ ಸಲ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ, “ಕಮಲಾಪುರದಾಕಿಗೆ ಆನಿ ಕೊಡ್ರಿ. ಬಾಳಿಗೊನಿ ತಿಂದು ಆರಾಮ ಇರ್ತದ,” ಅಂದಿದ್ದ. ಎಲ್ಲರೂ ನಕ್ಕರು. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಆಯಿತು, ಆನೆಯೇ ಇರಲಿ, ಇದೇ ಆನೆಯಿಂದ ನಿನ್ನ ಹುಲಿಯನ್ನು ಹಿಂದೆ ಹಾಕುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ತೊಂಬತ್ತರ ದಶಕ ಮುಗಿಯಲು ಬಂದಿದ್ದ ಕಾಲ. ಊರ ಬೋರ್ಡುಗಳ ಮೇಲೆ ಗುಲ್ಬರ್ಗಾ ಎಂದಿತ್ತು, ನಮ್ಮ ಬಾಯಲ್ಲಿ ಕಲಬುರ್ಗಿ. ಪಿಯುಸಿ ಮುಗಿಸಿದ್ದ ನಾನು ದಿನಾ ಕಮಲಾಪುರದಿಂದ ಬಸ್ಸು ಹಿಡಿದು ಬ್ರಹ್ಮಪುರದ ಒಂದು ಕಂಪ್ಯೂಟರ್ ಸೆಂಟರಿಗೆ ಬರುತ್ತಿದ್ದೆ. ಸೆಂಟರ್ ಅಂದರೆ ನಮಗೆ ಕಲಿಸುತ್ತಿದ್ದ ಸರ್ ಅವರ ಮನೆಯ ಮಾಳಿಗೆ. ಚಪ್ಪಲಿ ಮೆಟ್ಟಿಲ ಬುಡದಲ್ಲೇ ಬಿಡಬೇಕು. ಧೂಳು ಹೋದರೆ ಕಂಪ್ಯೂಟರ್ ಕೆಡುತ್ತದೆ ಎಂಬುದು ಸರ್ ಕಾರಣ. ಕೆಳಗೆ ಮಡಿಯಲ್ಲಿ ಓಡಾಡುತ್ತಿದ್ದ ಅವರ ತಾಯಿಯ ಕಾರಣವೇ ಬೇರೆ. “ದೇವರ ಮನಿ ಮುಂದಿಂದ ಹಾದು ಹೋಗ್ತೀರಿ, ಕಾಲು ತೊಳಕೊಂಡು ಹೋಗ್ರವಾ,” ಎಂದು ನಮಗೆ ಕನ್ನಡದಲ್ಲಿ ಹೇಳಿ, ಈ ಮಂದಿಯನ್ನೆಲ್ಲ ಮನೆಯೊಳಗೆ ಯಾಕೆ ಬಿಟ್ಟುಕೊಂಡೆ ಎಂದು ಮಗನಿಗೆ ಮರಾಠಿಯಲ್ಲಿ ಕೇಳುತ್ತಿದ್ದರು. ಎರಡೂ ನಮಗೆ ಅರ್ಥವಾಗುತ್ತಿತ್ತು. ಹೀಗೆ ಒದ್ದೆ ಕಾಲಿನಲ್ಲೇ ಕೂತು ಕಂಪ್ಯೂಟರ್ ಕಲಿತವರು ನಾವು.

ಶನಿವಾರ ಕಡೆಯ ತಾಸು ಆಟಕ್ಕೆ ಬಿಡುತ್ತಿದ್ದರು. ಯಾರೋ ಫ್ಲಾಪಿಯಲ್ಲಿ ತಂದು ಹಾಕಿದ್ದ ಆಟ. ಕಂಪ್ಯೂಟರುಗಳನ್ನೆಲ್ಲ ವೈರಿನಿಂದ ಒಂದಕ್ಕೊಂದು ಜೋಡಿಸಿದ್ದರಿಂದ ಎಲ್ಲರೂ ಒಂದೇ ರೇಸಿನಲ್ಲಿ ಆಡಬಹುದಿತ್ತು. ಪ್ರಾಣಿಗಳು ಪುಟ್ಟ ಪುಟ್ಟ ಗಾಡಿಗಳಲ್ಲಿ ಕೂತು ರೇಸಿಗೆ ಇಳಿಯುತ್ತವೆ. ದಾರಿಯಲ್ಲಿ ಎಣ್ಣೆ ಚೆಲ್ಲಿರುತ್ತದೆ, ಹುಲ್ಲಿನ ಬಣವೆ ಅಡ್ಡ ಬರುತ್ತದೆ, ಹಿಂದಿನಿಂದ ಮಂಗ ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತದೆ. ಸಿಪ್ಪೆಯ ಮೇಲೆ ಹೋದರೆ ಗಾಡಿ ಗಿರಗಿರ ತಿರುಗಿ ನಿಲ್ಲುತ್ತದೆ. ನನಗೆ ಅದೊಂದು ಸಂಕಟ. ನಮ್ಮ ಮನೆಯಲ್ಲಿ ಸಿಪ್ಪೆ ಎಮ್ಮೆಗೆ ಹೋಗುತ್ತಿತ್ತೇ ಹೊರತು ರಸ್ತೆಗಲ್ಲ. ಅದೂ ಆ ಸಿಪ್ಪೆ ಹಳದಿ ಬಣ್ಣದ್ದು. ಕಮಲಾಪುರದಲ್ಲಿ ಹುಟ್ಟಿದವರಿಗೆ ಬಾಳೆಹಣ್ಣು ಅಂದರೆ ಕೆಂಪು.

ಒಂದು ಕಂಪ್ಯೂಟರಿಗೆ ಇಬ್ಬರು. ನನ್ನ ಜೋಡಿ ಮೋಮಿನಪುರದ ಹುಡುಗಿ, ಗಾದಿ ಅಂಗಡಿಯವರ ಮಗಳು. ಆಕೆಯ ದುಪಟ್ಟಾದ ಮೇಲೆ ಯಾವಾಗಲೂ ಒಂದೆರಡು ಎಳೆ ಹತ್ತಿ ಅಂಟಿಕೊಂಡಿರುತ್ತಿತ್ತು. ಆಕೆಯದು ಮೊಲ. ಪರದೆಯ ಮೇಲರ್ಧದಲ್ಲಿ ಮೊಲ, ಕೆಳಗಿನರ್ಧದಲ್ಲಿ ನನ್ನ ಆನೆ, ಇಬ್ಬರಿಗೂ ಸೇರಿ ಒಂದೇ ಕೀಬೋರ್ಡು. ಎಡಗಡೆಯ ಅಕ್ಷರಗಳ ಕೀ ಆಕೆಗೆ, ಬಲಗಡೆಯ ಬಾಣದ ಕೀ ನನಗೆ. ಮೇಲಿನ ಬಾಣ ಒತ್ತಿದರೆ ಗಾಡಿ ಓಡುತ್ತದೆ, ಕೆಳಗಿನದು ಬ್ರೇಕು, ಅಕ್ಕಪಕ್ಕದವು ತಿರುಗಿಸಲು. ಹುಡುಗಿಯರಿಗೆಂದು ಕೊಟ್ಟಿದ್ದು ಕಿಟಕಿ ಪಕ್ಕದ ಹಳೆಯ ಕಂಪ್ಯೂಟರು. ಅದರ ಕೆಳಗಿನ ಬಾಣ ಸತ್ತಿತ್ತು. ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಅಂದರೆ ನನ್ನ ಆನೆಗೆ ಬ್ರೇಕೇ ಇಲ್ಲ. ಸರ್ ಹತ್ತಿರ ಹೋಗಿ ಹೇಳಿದೆ.

“ಆ ಕೀ ನಿಮಗ್ಯಾಕ ಬೇಕ್ರೀ?” ಅಂದರು ಅವರು. “ಟೈಪಿಂಗಿಗೆ ಏನೂ ತ್ರಾಸ ಆಗಂಗಿಲ್ಲ.”

ಟೈಪಿಂಗಿಗೆ ತೊಂದರೆ ಇಲ್ಲ, ನಿಜ. ಆದರೆ ತಿರುವಿಗೆ ಬಂದ ಕೂಡಲೇ ನನ್ನ ಆನೆ ನೇರ ಬಣವೆಗೆ ಹೋಗಿ ಗುದ್ದುತ್ತಿತ್ತು. ಹಿಂದಿನ ಸಾಲಿನವನ ಹುಲಿ ಪ್ರತಿ ಸಲವೂ ಗೆಲ್ಲುತ್ತಿತ್ತು. ಗೆಳತಿಗೆ ಪಾಪ ಅನ್ನಿಸಿತು.

“ಈ ಕಡಿ ಬಾ ನೀ. ನನ್ನ ಬ್ರೇಕ್ ಛಲೋ ಅದ. ನಾ ಆ ಕಡಿ ಕೂಡ್ತೀನಿ.”

“ಬ್ಯಾಡ,” ಅಂದೆ.

“ಯಾಕ?”

“ಬ್ಯಾಡಂದ್ರ ಬ್ಯಾಡ.”

“ಜಿದ್ದಿ ಇದ್ದೀ ನೀ ಬಹಳ,” ಅಂದಳು. ಹಟಮಾರಿ ಎಂದು. ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಬ್ರೇಕಿಲ್ಲದವರಿಗೆ ಉಳಿಯುವ ದಾರಿ ಒಂದೇ: ಮೊದಲೇ ಬೆರಳು ಎತ್ತುವುದು. ಆನೆ ಭಾರದ ಪ್ರಾಣಿ. ವೇಗ ಹಿಡಿಯಲು ಹೊತ್ತು ಬೇಕು, ಹಿಡಿದ ವೇಗ ಬಿಡಲೂ ಹೊತ್ತು ಬೇಕು. ತಿರುವು ಕಾಣುವ ಮೊದಲು ಒಂದು ನೀಲಿ ಡೇರೆ ಬರುತ್ತಿತ್ತು. ಡೇರೆ ಕಂಡ ಕೂಡಲೇ ಬೆರಳು ಎತ್ತಿದರೆ ಆನೆ ತಾನಾಗಿ ನಿಧಾನವಾಗಿ, ತಿರುವಿನಲ್ಲಿ ಅಲುಗದೆ ಹೊರಳಿ, ಆಚೆ ಹೋಗುತ್ತಿತ್ತು. ಉಳಿದವರು ತಿರುವಿನ ತನಕ ಜೋರಾಗಿ ಬಂದು, ಗಕ್ಕನೆ ಬ್ರೇಕ್ ಹಾಕಿ, ಜಾರಿ, ಮತ್ತೆ ಗಾಡಿ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ನಾನು ಮುಂದಿರುತ್ತಿದ್ದೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಬಣವೆಗೆ ಗುದ್ದಿ ಗುದ್ದಿ ಕಲಿತೆ. ಒಂದು ಶನಿವಾರ ಹುಲಿ ನನ್ನ ಹಿಂದೆ ಉಳಿಯಿತು. ಮುಂದಿನ ಶನಿವಾರವೂ ಉಳಿಯಿತು. ಹುಡುಗ ಕಂಪ್ಯೂಟರ್ ಸರಿಯಿಲ್ಲ ಅಂದ. ನಾನು ತಿರುಗಿ ಕೂಡ ನೋಡಲಿಲ್ಲ, ಒಳಗೊಳಗೇ ಹಿಗ್ಗಿದೆ. ಗೆಳತಿ ನನ್ನ ಪರವಾಗಿ ಎರಡೂ ಕೈ ಕಿವಿಗೆ ಹಚ್ಚಿ ಆನೆಯ ಕಿವಿಯ ಹಾಗೆ ಅಲ್ಲಾಡಿಸಿದಳು.

ಆ ದಿನಗಳಲ್ಲಿ ಮನೆಯಲ್ಲಿ ಮಾತ್ರ ನಗು ಕಡಿಮೆಯಾಗಿತ್ತು. ಅಪ್ಪನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಎದುರಿಗಿದ್ದವರ ಮುಖ ಕಾಣುತ್ತಿತ್ತು, ದೂರದ್ದೆಲ್ಲ ಮಸುಕು. ಇನ್ನು ಸ್ಟೇರಿಂಗ್ ಮುಟ್ಟಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ಅಪ್ಪನಿಗೆ ಅದು ಸಣ್ಣ ಮಾತಾಗಿರಲಿಲ್ಲ. ನಮ್ಮದು ಕೆಂಪು ಬಾಳೆಯ ತೋಟ. ಬೆಳೆದ ಹಣ್ಣನ್ನು ತನ್ನದೇ ಟೆಂಪೋದಲ್ಲಿ ಹೇರಿಕೊಂಡು ಕಲಬುರ್ಗಿಯ ಮಾರ್ಕೆಟ್ಟಿಗೆ ತಾನೇ ಒಯ್ಯುವುದು ಅವನ ರೂಢಿ. ಬೇರೆಯವರು ಕಾಯಿ ಇರುವಾಗಲೇ ಗೊನೆ ಕೊಟ್ಟುಬಿಡುತ್ತಿದ್ದರು. ಅಪ್ಪ ಮನೆಯಲ್ಲೇ ಹಣ್ಣು ಮಾಡಿ, ಚಿಪ್ಪು ಚಿಪ್ಪಾಗಿ ಕೊಯ್ದು, ಒಣಗಿದ ಬಾಳೆ ಎಲೆಯ ಮೇಲೆ ಮಲಗಿಸಿ ತರುತ್ತಿದ್ದ. ಹಬ್ಬಕ್ಕೆ ಅವನ ಹಣ್ಣೇ ಬೇಕು ಎಂದು ಕೇಳುವ ಮನೆಗಳಿದ್ದವು. ಆದರೆ ಮಾಗಿದ ಕೆಂಪು ಬಾಳೆ ಬಹಳ ನಾಜೂಕು. ಗಾಡಿ ಒಮ್ಮೆ ಗಕ್ಕನೆ ನಿಂತರೆ ಸಾಕು, ತೊಟ್ಟು ಕಳಚಿ ಹಣ್ಣು ಚಿಪ್ಪಿನಿಂದ ಉದುರುತ್ತದೆ. ತೊಟ್ಟು ಬಿಟ್ಟ ಹಣ್ಣನ್ನು ದೇವರಿಗೆ ಯಾರೂ ಒಯ್ಯುವುದಿಲ್ಲ.

ಕಣ್ಣು ಮಂಜಾದ ಮೇಲೂ ಅಪ್ಪ ದಿನಾ ಟೆಂಪೋ ಒರೆಸುತ್ತಿದ್ದ. ಹಣ್ಣನ್ನು ಬೆರಳಿನಿಂದಲೇ ನೋಡಲು ಕಲಿತಿದ್ದ. ಹೆಬ್ಬೆರಳನ್ನು ತೊಟ್ಟಿನ ಮೇಲೆ ಒಮ್ಮೆ ಆಡಿಸಿದರೆ ಎಲ್ಲಿ ಸಡಿಲಾಗಿದೆ ಎಂದು ಗೊತ್ತಾಗುತ್ತಿತ್ತು. ಟೆಂಪೋ ಓಡಿಸಲು ಒಬ್ಬ ಬಾಡಿಗೆ ಡ್ರೈವರನನ್ನು ಗೊತ್ತು ಮಾಡಿ, ಪಕ್ಕದಲ್ಲಿ ತಾನೂ ಕೂತು ಹೋದ. ಬೇರೆಯವರ ಗಾಡಿಯಲ್ಲಿ ಕೂರುವುದೆಂದರೆ ಅಪ್ಪನಿಗೆ ಶಿಕ್ಷೆ. ಸರ್ಕಾರಿ ಬಸ್ಸಿನಲ್ಲಿ ಕೂತರೂ ಬಲಗಾಲು ಮುಂದಿಟ್ಟು, ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತುತ್ತಲೇ ಇರುತ್ತಿದ್ದ. ಎಷ್ಟೇ ದಣಿದಿರಲಿ, ಕಣ್ಣು ಮುಚ್ಚುತ್ತಿರಲಿಲ್ಲ. ಅವ್ವ ಅದಕ್ಕೇ ಅವನ ಜೊತೆ ಪ್ರಯಾಣ ಬೇಡ ಅನ್ನುತ್ತಿದ್ದಳು, ಪಕ್ಕದವರಿಗೂ ನೆಮ್ಮದಿ ಇಲ್ಲ ಎಂದು. ಆ ಬಾಡಿಗೆ ಡ್ರೈವರ್ ಟೆಂಪೋವನ್ನು ಹೇಗೆ ಓಡಿಸಿದನೆಂದರೆ, ಹಣ್ಣಿನಲ್ಲಿ ಅರ್ಧ ಉದುರಿ ಮನೆಗೇ ವಾಪಸು ಬಂತು. ಅವ್ವ ಅದನ್ನೆಲ್ಲ ಕಿವುಚಿ, ಹಾಲು ಬೆಲ್ಲ ಹಾಕಿ ಶೀಕರಣೆ ಮಾಡಿದಳು. ನಾವು ತಿಂದೆವು, ಎಮ್ಮೆ ತಿಂದಿತು, ಪಕ್ಕದ ಮನೆಯವರು ತಿಂದರು. ಅಪ್ಪ ಮುಟ್ಟಲಿಲ್ಲ. ಸಕ್ಕರೆ ಇದೆಯಲ್ಲ ಎಂದು ನೆಪ ಹೇಳಿದ.

ಆಗ ಕೋಟನೂರಿನಿಂದ ಕಾಕಾ ಬಂದ. ಅಪ್ಪನ ತಮ್ಮ. ಕೋಟನೂರಿನ ಹೊಲಗಳೆಲ್ಲ ಒಂದೊಂದಾಗಿ ಪ್ಲಾಟುಗಳಾಗಿ, ಊರು ಕಲಬುರ್ಗಿಯ ಜೊತೆ ಕೂಡಿಕೊಳ್ಳುತ್ತಿದ್ದ ಸಮಯ. ಅಲ್ಲಿ ಮನೆ ಕಟ್ಟುವವರಿಗೆ ಇಟ್ಟಂಗಿ ಹೊಡೆಯಲು, ಅಂದರೆ ಇಟ್ಟಿಗೆ ಸಾಗಿಸಲು, ಗಾಡಿ ಬೇಕಾಗಿತ್ತು.

“ಅಣ್ಣಾ, ಟೆಂಪೋ ನನಗ ಕೊಡು,” ಅಂದ ಕಾಕಾ. “ಇಲ್ಲಿ ನಿಂತು ತುಕ್ಕು ಹಿಡೀತದ. ನಿನ್ನ ಬಾಳಿ ತೋಟಕ್ಕ ಬಂದು ಒಯ್ಯವರಿಗೆ ಕೊಟ್ಟುಬಿಡು. ಎಲ್ಲಾರೂ ಹಂಗೇ ಮಾಡಾಕತ್ತಾರ.”

ಕೆಟ್ಟ ಮಾತೇನಲ್ಲ. ಆದರೆ ಅಪ್ಪ ಕಟ್ಟೆಯ ಮೇಲೆ ಕೂತು ಟೆಂಪೋ ನಿಂತಿದ್ದ ಕಡೆಗೆ ಮುಖ ಮಾಡಿದ್ದ. ಆ ದೂರದಿಂದ ಅದು ಅವನಿಗೆ ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತು. ಅದು ಹೋದರೆ ತೋಟದಿಂದ ಮಾರ್ಕೆಟ್ಟಿನ ತನಕ ಅವನು ಕಟ್ಟಿಕೊಂಡಿದ್ದ ಬದುಕೇ ಹೋಗುತ್ತದೆ ಅನ್ನಿಸಿತು.

“ನಾ ಓಡಸ್ತೀನಿ,” ಅಂದೆ.

ಕಾಕಾ ನಕ್ಕ. ಅಪ್ಪ ನಗಲಿಲ್ಲ. ಚಹಾ ತಂದ ಅವ್ವ ಬಾಗಿಲಲ್ಲೇ ನಿಂತು ಹೇಳಿದಳು: “ಕಲೀಲಿ ಬಿಡ್ರಿ ಆಕಿ. ಟೆಂಪೋ ಹೋದ್ರ ನೀವು ದಿನಾ ಏನ್ ಒರಸ್ತೀರಿ?”

ಅಪ್ಪ ಮರುದಿನವೇ ಕಲಿಸಲು ಕೂತ. ಕ್ಲಚ್ಚು, ಗೇರು, ಎಕ್ಸಲರೇಟರು, ಬ್ರೇಕು ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ತೋರಿಸಿದ. ನಮ್ಮ ಮನೆಯಿಂದ ಬಾವಿಯ ತನಕ ಇಳಿಜಾರಿನ ಗಾಡಿದಾರಿ, ಬಾವಿಯ ಹತ್ತಿರ ತಿರುವು, ಅದರಾಚೆ ಬಾಳೆ. ಟೆಂಪೋ ಚಾಲೂ ಆಯಿತು, ಎರಡು ಸಲ ಬಂದ್ ಆಯಿತು, ಮೂರನೆಯದಕ್ಕೆ ಹೊರಟಿತು. ನನಗೆ ಅಹಂಕಾರ ಬಂತು. ಇದೇನು ಮಹಾ, ಆನೆ ಓಡಿಸಿದವಳು ನಾನು! ತಿರುವು ಕಂಡ ಕೂಡಲೇ ಆಟದಲ್ಲಿ ಬೆರಳು ಎತ್ತುತ್ತಿದ್ದಂತೆ ಕಾಲು ಎತ್ತಿದೆ. ಆದರೆ ಅದು ಇಳಿಜಾರು. ಟೆಂಪೋ ನಿಧಾನವಾಗಲಿಲ್ಲ, ಜೋರಾಯಿತು.

“ಬ್ರೇಕ್! ಬ್ರೇಕ್ ತುಳಿ!” ಎಂದು ಅಪ್ಪ ಕೂಗಿದ.

ನನ್ನ ಕಾಲು ಗಾಳಿಯಲ್ಲೇ ನಿಂತಿತ್ತು. ಬ್ರೇಕ್ ಎಂಬುದೊಂದು ಇದೆ ಎಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಸತ್ತ ಕೀ ಜೊತೆ ಆಡಿ, ಎತ್ತಿ ಕಾಯುವುದಷ್ಟೇ ನನಗೆ ಬರುತ್ತಿತ್ತು. ಕಾಯುತ್ತ ಕಾಯುತ್ತ ಬಾಳೆಯ ಸಾಲಿನೊಳಗೆ ಹೋದೆ. ಬಾಳೆಗಿಡ ಮುರಿಯುವಾಗ ಸಪ್ಪಳವಾಗುವುದಿಲ್ಲ, ನೀರು ತುಂಬಿದ ದಿಂಡು ಸುಮ್ಮನೆ ಕುಸಿದು ಬೀಳುತ್ತದೆ. ಅಪ್ಪ ಕೆಳಗಿಳಿದು, ಬಿದ್ದ ಗಿಡಗಳನ್ನು ಕೈಯಿಂದ ಸವರಿ ನೋಡಿದ. ಅವುಗಳಲ್ಲಿ ಒಂದು ಗೊನೆ ಹಾಕಿತ್ತು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಪ್ಪ ಬೈಯಲಿಲ್ಲ. “ಬಿಡವಾ,” ಅಂದ. “ಇದು ನಿನ್ನಿಂದ ಆಗು ಕೆಲಸಲ್ಲ.” ಸುದ್ದಿ ಕೋಟನೂರು ಮುಟ್ಟಿತು. ಆ ವಾರ ಬಂದ ಕಾಕಾ ನನ್ನನ್ನು ಕರೆದದ್ದೇ “ಏನ್ರೀ ಕಂಪ್ಯೂಟರ್ ಡ್ರೈವರ್ರಾ” ಎಂದು. ಮನೆತುಂಬ ನಗೆಯೋ ನಗೆ. ನಾನು ಎಮ್ಮೆ ಕೊಟ್ಟಿಗೆಗೆ ಹೋಗಿ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಹಟ. ಆಗುವುದಿಲ್ಲ ಅಂದದ್ದನ್ನು ಮಾಡಿ ತೋರಿಸದಿದ್ದರೆ ನಾನು ಈ ಮನೆಯ ಮಗಳೇ ಅಲ್ಲ ಅಂದುಕೊಂಡೆ.

ಅವ್ವನಿಗಷ್ಟೇ ಹೇಳಿ ಕಲಬುರ್ಗಿಯಲ್ಲಿ ಒಂದು ಡ್ರೈವಿಂಗ್ ಸ್ಕೂಲು ಸೇರಿದೆ. ಕಂಪ್ಯೂಟರ್ ಕ್ಲಾಸು ಮುಗಿದ ಮೇಲೆ ಅಲ್ಲಿಗೆ. ಹಳೆಯ ಜೀಪು, ವಯಸ್ಸಾದ ಮಾಸ್ತರರು. ಅವರ ಕಾಲ ಬುಡದಲ್ಲೂ ಒಂದು ಬ್ರೇಕಿತ್ತು, ನಾವು ಹಾಕದಿದ್ದರೆ ಅವರು ಹಾಕುತ್ತಿದ್ದರು. ನಾನು ಅವರಿಗೆ ಆ ಕೆಲಸ ಬರದಂತೆ ಮಾಡಿದೆ. ಬ್ರೇಕ್ ಕಲಿಯಲೇಬೇಕೆಂದು ಬಂದವಳು, ನಾಯಿ ಕಂಡರೂ ಬ್ರೇಕು, ನೆರಳು ಕಂಡರೂ ಬ್ರೇಕು. ಮಾಸ್ತರರ ಟೋಪಿ ಜಾರಿ ಮುಂದಿನ ಗಾಜಿಗೆ ಬೀಳುತ್ತಿತ್ತು.

“ತಂಗೀ, ಅದು ಬ್ರೇಕ್ ಅದ, ಚೇಳಲ್ಲ,” ಅನ್ನುತ್ತಿದ್ದರು. “ಹಂಗ್ಯಾಕ ತುಳೀತಿ?”

ಇದೇ ಹೊತ್ತಿಗೆ ಸೆಂಟರಿನಲ್ಲಿ ಒಂದು ಬದಲಾವಣೆಯಾಯಿತು. ದಸರೆಗೆ ಕಂಪ್ಯೂಟರುಗಳಿಗೆಲ್ಲ ಕುಂಕುಮ ಹಚ್ಚಿ, ಹೂವು ಏರಿಸಿ ಪೂಜೆ ಮಾಡುವಾಗ, ನಮ್ಮ ಕೀಬೋರ್ಡಿನ ಮೇಲೆ ಸರ್ ಅವರ ತಾಯಿ ಭಕ್ತಿಯಿಂದ ತೀರ್ಥ ಚಿಮುಕಿಸಿದರು. ಅದಾದ ಮೇಲೆ ಒಂದು ಕೀಯೂ ಕೆಲಸ ಮಾಡಲಿಲ್ಲ. ಸರ್ ತಾಯಿಗೆ ಏನೂ ಅನ್ನಲಾಗದೆ ನಮಗೆ ಹೊಸ ಕೀಬೋರ್ಡು ತಂದರು. ಎಷ್ಟೋ ತಿಂಗಳ ಮೇಲೆ ನನ್ನ ಆನೆಗೆ ಬ್ರೇಕು ಬಂತು.

ಶನಿವಾರ ಕೂತೆ. ಈಗ ನೋಡು ಅಂದುಕೊಂಡು ತಿರುವಿನ ತನಕ ಜೋರಾಗಿ ಹೋಗಿ ಬ್ರೇಕ್ ಒತ್ತಿದೆ. ಆನೆ ಜಾರಿ ಬಣವೆಗೆ ಹೋಯಿತು. ಮುಂದಿನ ತಿರುವಿನಲ್ಲಿ ಎಣ್ಣೆಗೆ ಹೋಯಿತು. ಹುಲಿ ಗೆದ್ದಿತು, ಮೊಲ ಗೆದ್ದಿತು, ಹಂದಿ ಕೂಡ ಗೆದ್ದಿತು. ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ಗೆಳತಿ ಆಟ ನಿಲ್ಲಿಸಿ ನನ್ನ ಕೈ ನೋಡಿದಳು.

“ಬ್ರೇಕ್ ಬಂತು, ನಿನ್ನ ಆಟ ಹೋಯ್ತು,” ಅಂದಳು. “ನಕ್ಕೋ, ಬ್ಯಾಡ, ಒತ್ತಬ್ಯಾಡ ಅದನ್ನ. ಮೊದಲ ಹ್ಯಾಂಗ ಆಡ್ತಿದ್ದಿ ಹಂಗೇ ಆಡು.”

ಬೆರಳನ್ನು ಬ್ರೇಕಿನಿಂದ ತೆಗೆದೆ. ನೀಲಿ ಡೇರೆ ಕಂಡಾಗ ಮೇಲಿನ ಕೀ ಬಿಟ್ಟೆ. ಆನೆ ಹಳೆಯ ಗತ್ತಿನಲ್ಲಿ ಹೊರಳಿತು. ನನಗೆ ಆಟ ಗೆದ್ದದ್ದು ನೆನಪಿಲ್ಲ, ಎದ್ದು ನಿಂತದ್ದು ನೆನಪಿದೆ. ತೋಟದಲ್ಲಿ ಬ್ರೇಕೇ ಹಾಕದೆ ಕೆಡಿಸಿದ್ದೆ, ಜೀಪಿನಲ್ಲಿ ಬರೀ ಬ್ರೇಕ್ ಹಾಕಿ ಕೆಡಿಸುತ್ತಿದ್ದೆ. ಬಾವಿಯ ಇಳಿಜಾರಿನಲ್ಲಿ ನಾನು ಕಾಲು ಎತ್ತಿದ್ದು ತಪ್ಪಲ್ಲ, ತಡವಾಗಿ ಎತ್ತಿದ್ದು ತಪ್ಪು, ಗೇರು ಇಳಿಸದೆ ಎತ್ತಿದ್ದು ತಪ್ಪು. ಬ್ರೇಕ್ ಇರಬೇಕು, ಕಾಲಿಗೆ ಅದು ಎಲ್ಲಿದೆ ಎಂದು ಗೊತ್ತಿರಬೇಕು, ಆದರೆ ಅದರ ಅಗತ್ಯ ಬರುವ ಮೊದಲೇ ಗಾಡಿ ಅರ್ಧ ನಿಂತಿರಬೇಕು. ಮರುದಿನದಿಂದ ಜೀಪನ್ನು ಹಾಗೇ ಓಡಿಸಿದೆ. ಮಾಸ್ತರರ ಟೋಪಿ ಅವರ ತಲೆಯ ಮೇಲೇ ಉಳಿಯಿತು. ಲೈಸನ್ಸ್ ಕೈಗೆ ಬಂದ ದಿನ ಅದನ್ನು ಒಯ್ದು ಅಪ್ಪನ ಕೈಯಲ್ಲಿಟ್ಟೆ. ಕಣ್ಣ ಹತ್ತಿರ ಹಿಡಿದು ನನ್ನ ಫೋಟೋ ನೋಡಿದ.

“ಕಾಗದ ಬಂದ್ರ ಆಗಲಿಲ್ಲ,” ಅಂದ. “ದೀಪಾವಳಿ ಹಣ್ಣು ಮಾರ್ಕೆಟ್ಟಿಗೆ ಒಯ್ದು ತೋರಸು. ಒಂದು ತೊಟ್ಟು ಸಡ್ಲ ಆದ್ರೂ ಟೆಂಪೋ ಅಲ್ಲಿಂದಲೇ ಕೋಟನೂರಿಗೆ ಹೋಗ್ತದ. ನಿನ್ನ ಕಾಕಾಗ ಬರಾಕ ಹೇಳ್ತೀನಿ.”

“ಹೇಳು,” ಅಂದೆ.

ಗೆಳತಿಗೆ ಇದನ್ನು ಹೇಳಿದಾಗ ಆಕೆ ಯೋಚನೆಯನ್ನೂ ಮಾಡಲಿಲ್ಲ. ತಮ್ಮ ಅಂಗಡಿಯಲ್ಲಿ ಹೊಸದಾಗಿ ಹತ್ತಿ ತುಂಬಿದ ಗಾದಿಗಳಿವೆ, ಹಣ್ಣಿನ ಕೆಳಗೆ ಹಾಸು, ಅಬ್ಬಾಗೆ ಗೊತ್ತಾಗದಂತೆ ನಾನು ಕಳಿಸುತ್ತೇನೆ ಅಂದಳು. ಮನಸ್ಸು ಒಂದು ಗಳಿಗೆ ಆ ಕಡೆ ವಾಲಿತು. ಗಾದಿಯ ಮೇಲೆ ಗೆದ್ದರೆ ಗಾದಿ ಗೆದ್ದ ಹಾಗೆ, ನಾನು ಗೆದ್ದ ಹಾಗಲ್ಲ ಅಂದೆ. ಆಕೆ ಹಣೆ ಚಚ್ಚಿಕೊಂಡಳು.

ಬೆಳಗಿನ ತಂಪಿನಲ್ಲಿ ಹೇರಿದೆವು. ಅವ್ವ ಒಣ ಎಲೆ ಹಾಸಿದಳು, ಅಪ್ಪ ಒಂದೊಂದೇ ಚಿಪ್ಪನ್ನು ಮಗುವನ್ನು ಮಲಗಿಸುವಂತೆ ಇಟ್ಟ. ನಂತರ ಎಡಗಡೆಯ ಸೀಟಿಗೆ ಬಂದು ಕೂತು, ಬಲಗಾಲು ಮುಂದಿಟ್ಟು ನೆಲಕ್ಕೆ ಒತ್ತಿದ. ಟೆಂಪೋ ಇನ್ನೂ ಚಾಲೂ ಕೂಡ ಆಗಿರಲಿಲ್ಲ.

ಕಮಲಾಪುರ ದಾಟಿ ಹುಮನಾಬಾದ್ ರಸ್ತೆಗೆ ಬಿದ್ದೆವು. ಎರಡೂ ಕಡೆ ತೊಗರಿ ಎದೆಮಟ್ಟ ನಿಂತಿತ್ತು. ನನ್ನ ಬೆನ್ನು ಬೆವೆತು ಸೀಟಿಗೆ ಅಂಟಿತ್ತು. ಹಿಂದೆ ಇರುವುದು ಹಣ್ಣಲ್ಲ, ಅಪ್ಪನ ಮರ್ಯಾದೆ ಎಂದು ಪ್ರತಿ ತಗ್ಗಿಗೂ ಅನ್ನಿಸುತ್ತಿತ್ತು. ಆಟದಲ್ಲಿ ಒಂದೇ ನೀಲಿ ಡೇರೆ, ಇಲ್ಲಿ ಎಲ್ಲವೂ ಡೇರೆಯೇ. ದೂರದಲ್ಲಿ ಧೂಳೆದ್ದರೆ ದನ ಬರುತ್ತಿವೆ ಎಂದರ್ಥ, ಮರದ ಕೆಳಗೆ ಜನ ನಿಂತಿದ್ದರೆ ಅಲ್ಲಿ ಬಸ್ಸು ನಿಲ್ಲುತ್ತದೆ, ಊರ ಹೆಸರಿನ ಕಲ್ಲು ಕಂಡರೆ ಮುಂದೆ ವೇಗ ತಡೆಯುವ ಹಂಪು ಇದೆ. ಕಂಡ ಕೂಡಲೇ ಕಾಲು ಎತ್ತಿದೆ, ಗೇರು ಇಳಿಸಿದೆ, ಟೆಂಪೋವನ್ನು ಅದರ ಪಾಡಿಗೆ ಬಿಟ್ಟೆ. ಹಂಪಿನ ಮೇಲೆ ಅದು ಮುದುಕಿಯಂತೆ ಹತ್ತಿ ಮುದುಕಿಯಂತೆ ಇಳಿಯಿತು. ಹಿಂದೆ ಬಂದ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಮುಂದೆ ಹೋಗುವಾಗ ಕಿಟಕಿಯಿಂದ ಏನೋ ಅಂದ. ಹೆಂಗಸು ಎಂದು ಕಂಡ ಮೇಲೆ ಇನ್ನೂ ಏನೋ ಅಂದ. ನನ್ನ ನಾಲಿಗೆ ತುರಿಸಿತು, ತಡೆದುಕೊಂಡೆ.

“ನೀ ಬ್ರೇಕೇ ಹಾಕವಲ್ಲಿ,” ಅಂದ ಅಪ್ಪ. ದಾರಿಯಲ್ಲಿ ಅವನು ಆಡಿದ ಮೊದಲ ಮಾತು.

“ಬೇಕಾಗವಲ್ದು ಅಪ್ಪಾ.”

ಅವನ ಕಾಲು ಮಾತ್ರ ನೆಲ ಬಿಡಲಿಲ್ಲ.

ಕಲಬುರ್ಗಿ ಹತ್ತಿರ ಬಂದಾಗ ಒಂದು ಹೋಟೆಲಿನ ಹಿಂದಿನಿಂದ ಹಂದಿಯೊಂದು ರಸ್ತೆಗೆ ನುಗ್ಗಿತು. ಅದರ ಹಿಂದೆ ಮರಿಗಳು. ಹೋಟೆಲಿನ ಮುಂದೆ ಸೈಕಲ್ಲುಗಳನ್ನು ಕಂಡು ನಾನು ಆಗಲೇ ಕಾಲು ಎತ್ತಿದ್ದೆ, ಟೆಂಪೋ ನಡೆಯುವ ವೇಗಕ್ಕೆ ಇಳಿದಿತ್ತು. ಈಗ ಬ್ರೇಕ್ ಬೇಕಾಯಿತು. ಕಾಲು ಹುಡುಕಲಿಲ್ಲ. ತಾನಾಗಿ ಹೋಗಿ ಅದರ ಮೇಲೆ ಕೂತು, ಮೆತ್ತಗೆ ಒತ್ತಿತು. ಟೆಂಪೋ ನಿಂತದ್ದು ನನಗೇ ಗೊತ್ತಾಗಲಿಲ್ಲ. ಹಂದಿ ತನ್ನ ಸಂಸಾರ ಕಟ್ಟಿಕೊಂಡು ಸಾವಕಾಶವಾಗಿ ದಾಟಿತು. ಕಂಪ್ಯೂಟರಿನಲ್ಲಿ ಇದೇ ಹಂದಿ ನನ್ನನ್ನು ಹಿಂದೆ ಹಾಕಿ ಹೋಗಿತ್ತಲ್ಲ ಎಂದು ನೆನಪಾಗಿ ಅಂಥ ಹೊತ್ತಿನಲ್ಲೂ ನಗು ಬಂತು.

ಮಾರ್ಕೆಟ್ಟಿನಲ್ಲಿ ಕಾಕಾ ಮೊದಲೇ ಬಂದು ನಿಂತಿದ್ದ. ಟೆಂಪೋ ಒಯ್ಯಲು ತಯಾರ್ ಆಗಿಯೇ ಬಂದವನು, ಕೊರಳಿಗೆ ಟವೆಲ್ ಸುತ್ತಿಕೊಂಡಿದ್ದ. ಅಪ್ಪ ನೇರ ಟೆಂಪೋದ ಹಿಂದಕ್ಕೆ ಹೋದ. ಹಿಂದಿನ ಬಾಗಿಲು ತೆಗೆಸಿ ಹತ್ತಿ ಕೂತ. ಮೇಲಿನ ಎಲೆ ಸರಿಸಿ ಒಂದು ಚಿಪ್ಪು ಎತ್ತಿಕೊಂಡ. ಹೆಬ್ಬೆರಳು ಒಂದು ತೊಟ್ಟಿನಿಂದ ಇನ್ನೊಂದಕ್ಕೆ ಹೋಯಿತು. ಅದನ್ನು ಇಟ್ಟು ಇನ್ನೊಂದು ಎತ್ತಿದ. ಅಲ್ಲಿ ಇಲ್ಲಿ ಒಂದೆರಡು ನೋಡಿ ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ತಳದ ಎಲೆಯ ತನಕ ಎಲ್ಲವನ್ನೂ ನೋಡಿದ. ಹಣ್ಣಿನ ಅಂಗಡಿಯವರು ಸುತ್ತ ಸೇರಿದರು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ. ಇಳಿದರೆ ಮತ್ತೆ ಹತ್ತಲು ಕೊಡುವುದಿಲ್ಲವೇನೋ ಎಂದು ಭಯ.

ಕಡೆಗೆ ಅಪ್ಪ ಎದ್ದು ನಿಂತು, ಕೈಗೆ ಅಂಟಿದ್ದ ಎಲೆಯ ಪುಡಿ ಕೊಡವಿದ.

“ಏನಾತಣ್ಣಾ?” ಅಂದ ಕಾಕಾ.

“ನೀ ಬಸ್ಸಿಗೆ ಹೋಗು,” ಅಂದ ಅಪ್ಪ.

ಕಾಕಾನ ಮುಖ ಸಣ್ಣದಾಯಿತು. ಆದರೂ ದೊಡ್ಡ ಮನಸ್ಸು ಅವನದು. ಕಿಟಕಿಯ ಹತ್ತಿರ ಬಂದು, “ಒಂದಿನ ನನ್ನ ಇಟ್ಟಂಗಿನೂ ಹೊಡದು ಕೊಡ್ತೀರೇನ್ರೀ ಡ್ರೈವರ್ರಾ?” ಅಂದ. ಕಂಪ್ಯೂಟರ್ ಎಂಬ ಮಾತು ಬಿಟ್ಟಿದ್ದ. ಹಣ್ಣು ಇಳಿಸುತ್ತಿದ್ದ ಅಂಗಡಿಯವರ ಎದುರು ನಾನು ಅಳಬಾರದೆಂದು ಗೇರಿನ ಹಿಡಿಯನ್ನು ಸೆರಗಿನಿಂದ ಒರೆಸುತ್ತ ಕೂತೆ.

ಖಾಲಿ ಟೆಂಪೋ ತಿರುಗಿಸಿಕೊಂಡು ಮೋಮಿನಪುರದ ಮೇಲಿಂದ ಬಂದೆವು. ಸುತ್ತು ದಾರಿ, ಬೇಕೆಂದೇ ಹಿಡಿದದ್ದು. ಗಾದಿ ಅಂಗಡಿಯ ಮುಂದೆ ಹಾರ್ನ್ ಹೊಡೆದೆ. ಗೆಳತಿ ಬಾಗಿಲಿಗೆ ಓಡಿ ಬಂದು, ಸ್ಟೇರಿಂಗ್ ಮುಂದೆ ನನ್ನನ್ನು ಕಂಡು, ಎರಡೂ ಕೈ ಕಿವಿಗೆ ಹಚ್ಚಿ ಅಲ್ಲಾಡಿಸಿದಳು. ಯಾರವ್ವಾ ಅದು, ಹಂಗ್ಯಾಕ ಮಾಡಾಕತ್ಯಾಳ ಎಂದು ಅಪ್ಪ ಕೇಳುತ್ತಾನೆ, ಆನೆಯ ಕಥೆಯನ್ನೆಲ್ಲ ಹೇಳಿಬಿಡೋಣ ಎಂದುಕೊಂಡೆ. ಅವನು ಕೇಳಲಿಲ್ಲ. ಆ ದೂರ ಅವನಿಗೆ ಕಾಣುವುದಿಲ್ಲ ಎಂಬುದು ಆ ಖುಷಿಯಲ್ಲಿ ಮರೆತೇ ಹೋಗಿತ್ತು.

ಊರು ದಾಟಿ ತೊಗರಿ ಹೊಲಗಳು ಶುರುವಾದವು. ಬಿಸಿಲು ಏರಿತ್ತು. ಮುಂದೆ ಹಂಪು ಇದೆಯೆಂದು ಕಾಲು ಎತ್ತಿ, ಅಭ್ಯಾಸದಂತೆ ಅಪ್ಪನ ಕಾಲಿನ ಕಡೆ ನೋಡಿದೆ. ಅದು ನೆಲದ ಮೇಲೆ ಇರಲಿಲ್ಲ. ಅಪ್ಪ ಚಪ್ಪಲಿ ಬಿಚ್ಚಿ, ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು, ತಲೆಯನ್ನು ಕಿಟಕಿಗೆ ಆನಿಸಿ ನಿದ್ದೆ ಹೋಗಿದ್ದ. ಬಾಯಿ ತುಸು ತೆರೆದಿತ್ತು. ನಾನು ಗೇರು ಇಳಿಸಿದೆ. ಟೆಂಪೋ ಮೆತ್ತಗೆ ಹಂಪು ಹತ್ತಿ ಇಳಿಯಿತು. ಕಮಲಾಪುರ ಬರುವ ತನಕ ಅವನಿಗೆ ಎಚ್ಚರವಾಗಲಿಲ್ಲ.